ಹುಳು ಎಷ್ಟು ದೊಡ್ಡದು, ನೀವು ಎಷ್ಟು ದೂರ: ಕ್ಲೋಸ್ ಅಪ್ ಛಾಯಾಗ್ರಹಣಕ್ಕೆ ಲೆನ್ಸ್ ಆರಿಸುವ ಬಗೆ

ಮುಂಗಾರಿನ ಎರಡು ಮಳೆ ಬಿದ್ದರೆ ಸಾಕು, ಮಲೆನಾಡಿನ ಬೇಲಿಯ ಒಂದೊಂದು ಎಲೆಯ ಅಡಿಯಲ್ಲೂ ಯಾವುದೋ ಒಂದು ಜೀವ ಸಂಸಾರ ಹೂಡಿಕೊಂಡಿರುತ್ತದೆ. ಎಲೆಗೆ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ, ನೆಗೆದು ಬೇಟೆಯಾಡುವ ಪುಟ್ಟ ಜೇಡ, ಬಾಳೆಯ ಸುಳಿಯೊಳಗೆ ಮುದುಡಿ ಕುಳಿತ ಮರಗಪ್ಪೆ. ಗೆಳೆಯರ ಫೋನ್ ಕರೆಗಳೂ ಈ ಕಾಲದಲ್ಲೇ ಶುರುವಾಗುತ್ತವೆ: ‘ಒಂದು ಮ್ಯಾಕ್ರೋ ಲೆನ್ಸ್ ಕೊಳ್ಳಬೇಕು ಅಂತಿದ್ದೇನೆ, ಯಾವುದು ಒಳ್ಳೆಯದು?’

ನಾನು ಲೆನ್ಸಿನ ಹೆಸರು ಹೇಳುವ ಮೊದಲು ಎರಡು ಪ್ರಶ್ನೆಗಳನ್ನು ತಿರುಗಿ ಕೇಳುತ್ತೇನೆ. ನೀವು ತೆಗೆಯಬೇಕೆಂದಿರುವ ಜೀವಿ ಎಷ್ಟು ದೊಡ್ಡದು? ಅದು ನಿಮ್ಮನ್ನು ಎಷ್ಟು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತದೆ? ಮೊದಲನೆಯದನ್ನು ಎಲ್ಲರೂ ಯೋಚಿಸಿರುತ್ತಾರೆ, ಎರಡನೆಯದನ್ನು ಬಹಳ ಜನ ಮರೆತಿರುತ್ತಾರೆ. ನಾನೂ ಮರೆತಿದ್ದೆ. ನನ್ನ ಮೊದಲ ಮ್ಯಾಕ್ರೋ ಲೆನ್ಸಿನ ಸಂಗಮದೂರ (ಲೆನ್ಸಿನ ಹೆಸರಿನ ಜೊತೆ ಬರುವ ಮಿ.ಮೀ. ಸಂಖ್ಯೆ, ಅದು ದೊಡ್ಡದಾದರೆ ‘ಉದ್ದ’ ಲೆನ್ಸ್, ಚಿಕ್ಕದಾದರೆ ‘ಗಿಡ್ಡ’ ಲೆನ್ಸ್) 40 ಮಿ.ಮೀ. ಬೆಲೆ ಕಡಿಮೆ, ತೂಕ ಕಡಿಮೆ, ಪೆಟ್ಟಿಗೆಯ ಮೇಲೆ 1:1 ಎಂದು ಮುದ್ರಿಸಿತ್ತು. ತುಂಬೆ ಹೂವನ್ನು ಅದು ಸೊಗಸಾಗಿ ತೆಗೆಯಿತು. ಜೇಡದ ಬಳಿ ಹೋದರೆ ಲೆನ್ಸಿನ ಮೂತಿಯ ನೆರಳೇ ಜೇಡದ ಮೇಲೆ ಬೀಳುತ್ತಿತ್ತು, ಮರುಕ್ಷಣ ಜೇಡ ಅಲ್ಲಿರುತ್ತಿರಲಿಲ್ಲ. ಲೆನ್ಸಿನಲ್ಲಿ ಯಾವ ದೋಷವೂ ಇರಲಿಲ್ಲ. ಕೆಲಸಕ್ಕೆ ತಕ್ಕ ಲೆನ್ಸನ್ನು ನಾನು ಆರಿಸಿರಲಿಲ್ಲ, ಅಷ್ಟೇ.

ಮೊದಲು ಒಂದು ಸ್ಟೀಲ್ ಸ್ಕೇಲಿನ ಫೋಟೊ ತೆಗೆಯಿರಿ

ಹೊಸ ಲೆನ್ಸ್ ಕೊಳ್ಳುವ ಮೊದಲು ಕೈಯಲ್ಲಿರುವ ಲೆನ್ಸಿಗೆ ಎಷ್ಟು ಸಾಮರ್ಥ್ಯವಿದೆ ಎಂದು ಅಳೆಯಬೇಕು. ಮಕ್ಕಳ ಕಂಪಾಸು ಪೆಟ್ಟಿಗೆಯ ಸ್ಕೇಲನ್ನು ಮೇಜಿನ ಮೇಲೆ ಅಡ್ಡಲಾಗಿ ಇಡಿ. ಜೂಮ್ ಲೆನ್ಸಾದರೆ ಪೂರ್ತಿ ಮುಂದಕ್ಕೆ ಎಳೆಯಿರಿ. ಫೋಕಸನ್ನು ಕೈಯಿಂದಲೇ ತಿರುಗಿಸಿ ಅತಿ ಹತ್ತಿರದ ತುದಿಗೆ ತಂದು, ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸುತ್ತ ಗೆರೆಗಳು ಸ್ಪಷ್ಟವಾದ ಕ್ಷಣ ಕ್ಲಿಕ್ಕಿಸಿ. ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗೆ ಎಷ್ಟು ಮಿಲಿಮೀಟರ್ ಕಾಣುತ್ತದೆ ಎಂದು ಎಣಿಸಿ. ನಿಮ್ಮ ಕ್ಯಾಮೆರಾದ ಸೆನ್ಸರಿನ (ಒಳಗೆ ಚಿತ್ರ ಹಿಡಿಯುವ ಚಿಪ್‌ನ) ಅಗಲವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಲೆನ್ಸಿನ ವರ್ಧನೆ.

ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಅದಕ್ಕಿಂತ ಚಿಕ್ಕ ಸೆನ್ಸರಿನ ವರ್ಗವಾದ ಎಪಿಎಸ್-ಸಿಯ ನಿಕಾನ್ ಮತ್ತು ಸೋನಿ ಕ್ಯಾಮೆರಾಗಳಲ್ಲಿ ಸುಮಾರು 23.5, ಕ್ಯಾನನ್‌ನ ಅದೇ ವರ್ಗದಲ್ಲಿ ಸುಮಾರು 22.3, ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನಲ್ಲಿ 17.3. ಕ್ಯಾಮೆರಾದ ಜೊತೆಗೇ ಬರುವ 18–55 ಲೆನ್ಸಿನಲ್ಲಿ 70 ಮಿ.ಮೀ. ಕಂಡಿತು ಎನ್ನಿ. 23.5ನ್ನು 70ರಿಂದ ಭಾಗಿಸಿದರೆ ಮೂರನೇ ಒಂದು ಪಾಲು, ಅಂದರೆ 1:3. ಸೆನ್ಸರಿನ ಅಗಲದಷ್ಟೇ ಮಿಲಿಮೀಟರುಗಳು ಕಂಡರೆ ಅದು 1:1, ಹುಳುವಿನ ಗಾತ್ರವೂ ಸೆನ್ಸರಿನ ಮೇಲೆ ಬಿದ್ದ ಅದರ ಬಿಂಬದ ಗಾತ್ರವೂ ಒಂದೇ. ನಿಜವಾದ ಮ್ಯಾಕ್ರೋ ಎನ್ನುವುದು ಇದನ್ನೇ. ಎಷ್ಟೋ ಜೂಮ್ ಲೆನ್ಸುಗಳ ಮೈಮೇಲೆ ‘ಮ್ಯಾಕ್ರೋ’ ಎಂದು ಬರೆದಿರುತ್ತದೆ, ಸ್ಕೇಲು ಹಿಡಿದರೆ 1:4 ಬರುತ್ತದೆ. ಪದವನ್ನು ನಂಬಬೇಡಿ, ಸ್ಕೇಲನ್ನು ನಂಬಿ. ನಿಕಾನ್ ಕಂಪನಿ ಮಾತ್ರ ತನ್ನ ಮ್ಯಾಕ್ರೋ ಲೆನ್ಸುಗಳನ್ನು ‘ಮೈಕ್ರೋ’ ಎಂದು ಕರೆಯುತ್ತದೆ, ಹೆಸರು ಬೇರೆಯಾದರೂ ವಸ್ತು ಒಂದೇ.

ನಿಮಗೆ ಬೇಕಾದದ್ದು 1:1 ಹೌದೇ?

ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 14 ಸೆಂ.ಮೀ.ಗೂ ಹೆಚ್ಚು ಅಗಲವಿರುತ್ತದೆ. ಅದನ್ನು ಇಡಿಯಾಗಿ ಚೌಕಟ್ಟಿನೊಳಗೆ ತರಲು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:4 ಕೂಡ ಹೆಚ್ಚಾಗುತ್ತದೆ, ಅದಕ್ಕೆ ಮ್ಯಾಕ್ರೋ ಲೆನ್ಸೇ ಬೇಡ. ಮನೆಯಲ್ಲಿರುವ 70–300 ಜೂಮ್ ಸಾಕು, ಅಷ್ಟು ದೂರದಲ್ಲಿ ನಿಂತರೆ ಚಿಟ್ಟೆಯೂ ಹೂವು ಬಿಟ್ಟು ಏಳುವುದಿಲ್ಲ. ಏರೋಪ್ಲೇನ್ ಚಿಟ್ಟೆ, ಮಿಡತೆ, ದಾಸವಾಳದ ಒಡಲಿಗೆ 1:3ರಿಂದ 1:2 ಸಾಕು. ಹುಲ್ಲಿನ ತುದಿಯಲ್ಲಿ ಕೂರುವ ಬೆರಳುಗುರಿನಷ್ಟು ನೀಲಿ ಚಿಟ್ಟೆಗಳಿಗೆ 1:1ರ ಹತ್ತಿರ ಹೋಗಬೇಕು. ಸುಮಾರು 6 ಮಿ.ಮೀ. ಉದ್ದದ ನೆಗೆಯುವ ಜೇಡ 1:1ರಲ್ಲೂ ಫುಲ್ ಫ್ರೇಮ್ ಚಿತ್ರದ ಅಗಲದ ಆರನೇ ಒಂದು ಪಾಲನ್ನಷ್ಟೇ ತುಂಬುತ್ತದೆ. ಅದರ ಕಣ್ಣುಗಳೇ ಚಿತ್ರವಾಗಬೇಕೆಂದರೆ 2:1, ಅಂದರೆ ಜೀವಿಯ ಎರಡು ಪಟ್ಟು ದೊಡ್ಡ ಬಿಂಬ ಬೇಕು.

ಇಲ್ಲಿ ಎಪಿಎಸ್-ಸಿ ಕ್ಯಾಮೆರಾ ಇರುವವರಿಗೆ ಒಂದು ಅನುಕೂಲವಿದೆ. 1:1 ಎಂಬುದು ಎರಡೂ ಕ್ಯಾಮೆರಾಗಳಲ್ಲಿ 1:1ನೇ, ಆದರೆ ಚಿಕ್ಕ ಸೆನ್ಸರ್ 23.5 ಮಿ.ಮೀ. ಅಗಲವನ್ನಷ್ಟೇ ಹಿಡಿಯುವುದರಿಂದ ಅದೇ ಜೇಡ ಚೌಕಟ್ಟಿನ ನಾಲ್ಕನೇ ಒಂದು ಪಾಲನ್ನು ತುಂಬುತ್ತದೆ. ಕ್ಲೋಸ್ ಅಪ್‌ಗಾಗಿಯೇ ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ ಹಣ ಹಾಕಬೇಕಾಗಿಲ್ಲ.

ದೊಡ್ಡದಾಗಿ ಕಾಣಿಸಿದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಫುಲ್ ಫ್ರೇಮ್‌ನಲ್ಲಿ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿರಿದು) ಎಫ್ 8ಕ್ಕೆ ಇಟ್ಟರೆ 1:4ರಲ್ಲಿ ಸುಮಾರು 1 ಸೆಂ.ಮೀ. ಆಳ ಸ್ಪಷ್ಟವಾಗಿರುತ್ತದೆ. 1:2ರಲ್ಲಿ ಅದು 3 ಮಿ.ಮೀ.ಗೆ, 1:1ರಲ್ಲಿ 1 ಮಿ.ಮೀ.ಗೆ, 2:1ರಲ್ಲಿ ಅದರ ಮೂರನೇ ಒಂದಕ್ಕೆ ಇಳಿಯುತ್ತದೆ. ಉದ್ದ ಲೆನ್ಸ್ ಕೊಂಡರೆ ಈ ಆಳ ಕಡಿಮೆಯಾಗುತ್ತದೆ ಎಂದು ಹಲವರು ಭಾವಿಸಿದ್ದಾರೆ. ವರ್ಧನೆ ಮತ್ತು ಅಪರ್ಚರ್ ಒಂದೇ ಇದ್ದರೆ 60 ಮಿ.ಮೀ. ಆಗಲಿ 180 ಮಿ.ಮೀ. ಆಗಲಿ ಆಳ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಹಿನ್ನೆಲೆ.

ಅಂತರವೇ ಲೆನ್ಸನ್ನು ಆರಿಸಲಿ

ಲೆನ್ಸಿನ ವಿವರಪಟ್ಟಿಯಲ್ಲಿ ‘ಕನಿಷ್ಠ ಫೋಕಸ್ ದೂರ’ ಎಂದು ಒಂದು ಅಳತೆ ಇರುತ್ತದೆ. 100 ಮಿ.ಮೀ. ಮ್ಯಾಕ್ರೋಗೆ ಅದು ಸಾಮಾನ್ಯವಾಗಿ 30 ಸೆಂ.ಮೀ. ಇದನ್ನು ಓದಿ, ಹುಳುವಿನಿಂದ ಒಂದು ಅಡಿ ದೂರ ಇರಬಹುದು ಎಂದುಕೊಂಡರೆ ಮೋಸ ಹೋದಂತೆ. ಆ ಅಳತೆ ಶುರುವಾಗುವುದು ಕ್ಯಾಮೆರಾದೊಳಗಿನ ಸೆನ್ಸರಿನಿಂದ. ಕ್ಯಾಮೆರಾದ ಒಡಲು ಮತ್ತು ಲೆನ್ಸಿನ ಉದ್ದ ಕಳೆದು, ಲೆನ್ಸಿನ ಮೂತಿಯಿಂದ ಹುಳುವಿನವರೆಗೆ ಉಳಿಯುವ ಜಾಗವೇ ನಿಮಗೆ ಬೇಕಾದ ಅಂತರ, ಛಾಯಾಗ್ರಾಹಕರು ವರ್ಕಿಂಗ್ ಡಿಸ್ಟೆನ್ಸ್ ಎನ್ನುವುದು ಇದನ್ನೇ.

1:1ರಲ್ಲಿ ಈ ಅಂತರ ಎಷ್ಟಿರುತ್ತದೆ ಎಂಬ ಅಂದಾಜು ಹೀಗಿದೆ. 35–40 ಮಿ.ಮೀ. ಲೆನ್ಸುಗಳಲ್ಲಿ ಮೂರರಿಂದ ನಾಲ್ಕು ಸೆಂ.ಮೀ., ಎರಡು ಬೆರಳಿನ ಅಗಲ. 60 ಮಿ.ಮೀ. ಲೆನ್ಸುಗಳಲ್ಲಿ ಐದರಿಂದ ಹತ್ತು. 90ರಿಂದ 105 ಮಿ.ಮೀ. ವರ್ಗದಲ್ಲಿ ಹದಿಮೂರರಿಂದ ಹದಿನೈದು, ಹೆಚ್ಚುಕಡಿಮೆ ಒಂದು ಗೇಣಿನ ಮೂರನೇ ಎರಡು ಪಾಲು. 180 ಮಿ.ಮೀ.ನಲ್ಲಿ ಒಂದು ಗೇಣು ದಾಟುತ್ತದೆ.

ಈಗ ಜೀವಿಗಳನ್ನು ನೆನೆಸಿಕೊಳ್ಳಿ. ಹೂವು, ಪಾಚಿ, ಅಣಬೆ, ಆಭರಣ, ಹಳೆಯ ನಾಣ್ಯ, ಅಂಚೆಚೀಟಿಗಳು ಓಡಿಹೋಗುವುದಿಲ್ಲ. ಇವುಗಳಿಗೆ 40 ಅಥವಾ 60 ಮಿ.ಮೀ. ಯಾವ ಕೊರತೆಯನ್ನೂ ಮಾಡುವುದಿಲ್ಲ, ಜೊತೆಗೆ ದಿನನಿತ್ಯದ ಭಾವಚಿತ್ರಕ್ಕೂ ಬಳಕೆಗೆ ಬರುತ್ತದೆ. ಮಳೆಗಾಲದಲ್ಲಿ ಜಂಬಿಟ್ಟಿಗೆಯ ಬಯಲಿನಲ್ಲಿ ಮೇಲೇಳುವ ಕೀಟಾಹಾರಿ ಡ್ರೊಸೆರಾ ಗಿಡದ ಅಂಟುಹನಿಗಳನ್ನು ನೆಲಕ್ಕೆ ಒರಗಿ ಚಿಕ್ಕ ಲೆನ್ಸಿನಿಂದಲೇ ತೆಗೆಯಬಹುದು.

ಚಲಿಸುವ ಕೀಟಗಳ ಮಾತು ಬೇರೆ. ನೆಗೆಯುವ ಜೇಡ ಕುತೂಹಲದ ಪ್ರಾಣಿ, ಒಂದು ಗೇಣಿನಿಂದ ನೋಡಿದರೆ ಅದೂ ತಿರುಗಿ ನಿಮ್ಮನ್ನೇ ನೋಡುತ್ತದೆ. ಇನ್ನೂ ಹತ್ತಿರ ಮೂತಿ ಚಾಚಿದರೆ ಎಲೆಯ ಕೆಳಗೆ ಸರಿಯುತ್ತದೆ, ಇಲ್ಲವೇ ಲೆನ್ಸಿನ ಮೇಲೇ ನೆಗೆಯುತ್ತದೆ. ಚಗಳಿ ಗೂಡಿನ ಹತ್ತಿರ ಕೊಂಬೆಗೆ ಲೆನ್ಸ್ ತಾಗಿದರೆ ಮುಂದಿನ ಹತ್ತು ನಿಮಿಷ ಚಿತ್ರ ತೆಗೆಯುವ ಮಾತಿಲ್ಲ, ಇರುವೆ ಕೊಡವುವ ಕೆಲಸ ಮಾತ್ರ. ಒಂದೇ ಒಂದು ಮ್ಯಾಕ್ರೋ ಲೆನ್ಸ್ ಕೊಳ್ಳಲು ಸಾಧ್ಯವಿರುವವರಿಗೆ 90ರಿಂದ 105 ಮಿ.ಮೀ. ವರ್ಗವನ್ನೇ ನಾನು ಹೇಳುವುದು ಇದೇ ಕಾರಣಕ್ಕೆ. ಟ್ಯಾಮ್ರಾನ್ 90, ಸಿಗ್ಮಾ 105, ಕ್ಯಾನನ್ 100, ನಿಕಾನ್ 105, ಸೋನಿ 90 ಎಲ್ಲವೂ ಈ ಗುಂಪಿನವೇ. ಇವುಗಳ ನಡುವೆ ಚಿತ್ರದ ತೀಕ್ಷ್ಣತೆಯ ವ್ಯತ್ಯಾಸ ಹುಡುಕುತ್ತ ತಿಂಗಳುಗಟ್ಟಲೆ ಕಳೆಯಬೇಡಿ. ಮ್ಯಾಕ್ರೋ ಲೆನ್ಸುಗಳಲ್ಲಿ ಮಂದವಾದದ್ದು ಸಿಗುವುದೇ ಅಪರೂಪ.

ಉದ್ದ ಲೆನ್ಸಿನ ಇನ್ನೊಂದು ಗುಣ ಹಿನ್ನೆಲೆಯದು. ಅದು ಕಿರಿದಾದ ಕೋನದಲ್ಲಿ ನೋಡುವುದರಿಂದ ಹಿಂದಿನ ಒಣಕಡ್ಡಿ, ಬೆಳಕಿನ ಚುಕ್ಕೆಗಳನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತಪ್ಪಿಸಬಹುದು. ತೂಕ ಮತ್ತು ಬೆಲೆ ಏರುವುದೂ ನಿಜ. 150–180 ಮಿ.ಮೀ. ಲೆನ್ಸನ್ನು ಮಳೆಯಲ್ಲಿ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಎಲೆ ಸರಿಸುವುದು ಕಷ್ಟ.

ಹತ್ತಿರ ಹೋಗಲೇಬಾರದ ಜೀವಿಗಳೂ ಇವೆ. ಆಗುಂಬೆ ಕಡೆಯ ಕಾಡಿನಲ್ಲಿ ಗುಳಿಮಂಡಲ ಹಾವು ಒಂದೇ ಕೊಂಬೆಯ ಮೇಲೆ ದಿನಗಟ್ಟಲೆ ಕುಳಿತಿರುತ್ತದೆ. ಅಲುಗಾಡುವುದಿಲ್ಲ ಎಂದು ಮ್ಯಾಕ್ರೋ ಲೆನ್ಸ್ ಹಿಡಿದು ಬಾಗುವವರನ್ನು ನೋಡಿದ್ದೇನೆ. ವಿಷದ ಹಾವಿಗೆ ದೂರದಿಂದಲೇ ತೆಗೆಯುವ ಟೆಲಿ ಲೆನ್ಸೇ ಲೆನ್ಸು. ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ, ತೊರೆಯ ಬಂಡೆಯ ಮೇಲೆ ಕುಳಿತು ಹಿಂಗಾಲು ಬೀಸುವ ಕುಣಿಯುವ ಕಪ್ಪೆಯ ವಿಷಯದಲ್ಲಿ ಅಪಾಯ ನಮಗಲ್ಲ, ಅದಕ್ಕೆ. ನಾವು ತೊರೆಯೊಳಗೆ ಕಾಲಿಟ್ಟರೆ ಅದರ ಮೊಟ್ಟೆಗಳಿರುವ ಜಾಗವನ್ನೇ ತುಳಿದುಬಿಡಬಹುದು. ದಡದಲ್ಲೇ ಕುಳಿತು ತೆಗೆಯುವ ದಾರಿಯೊಂದಿದೆ, ಮುಂದೆ ಹೇಳುತ್ತೇನೆ.

ಇರುವ ಲೆನ್ಸನ್ನೇ ಹತ್ತಿರಕ್ಕೆ ತರುವ ಮೂರು ಉಪಾಯಗಳು

ಹೊಸ ಲೆನ್ಸಿಗೆ ಹಣ ಹೊಂದುವವರೆಗೆ ಕಾಯಬೇಕಾಗಿಲ್ಲ. ನನ್ನ ಚೀಲದಲ್ಲಿ ಮ್ಯಾಕ್ರೋ ಲೆನ್ಸ್ ಇದ್ದರೂ ಈ ಸಾಮಾನುಗಳು ಇಂದಿಗೂ ಇವೆ.

ಮೊದಲನೆಯದು ಎಕ್ಸ್‌ಟೆನ್ಷನ್ ಟ್ಯೂಬ್. ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಸಿಕ್ಕಿಸುವ ಟೊಳ್ಳು ಉಂಗುರ ಇದು, ಒಳಗೆ ಗಾಜಿಲ್ಲ. ಲೆನ್ಸನ್ನು ಸೆನ್ಸರಿನಿಂದ ದೂರ ತಳ್ಳುವುದಷ್ಟೇ ಇದರ ಕೆಲಸ. ಲೆಕ್ಕ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ವರ್ಧನೆ ಕೂಡಿಕೊಳ್ಳುತ್ತದೆ ಎಂದು ತಿಳಿಯುತ್ತದೆ. 50 ಮಿ.ಮೀ. ಲೆನ್ಸಿಗೆ 36 ಮಿ.ಮೀ. ಟ್ಯೂಬ್ ಹಾಕಿದರೆ 0.72 ಕೂಡುತ್ತದೆ, ಲೆನ್ಸಿನ ಸ್ವಂತ ವರ್ಧನೆಯೂ ಸೇರಿದರೆ 1:1ರ ಹತ್ತಿರ. ಅದೇ ಟ್ಯೂಬನ್ನು 200 ಮಿ.ಮೀ. ಲೆನ್ಸಿಗೆ ಹಾಕಿದರೆ ಕೂಡುವುದು 0.18 ಮಾತ್ರ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಚಿನ್ನದ ಬಣ್ಣದ ಚುಕ್ಕೆಗಳಿರುವುದನ್ನೇ ಕೊಳ್ಳಿ. ಅವಿಲ್ಲದ ಅಗ್ಗದ ಟ್ಯೂಬಿನಲ್ಲಿ ಇಂದಿನ ಬಹುತೇಕ ಲೆನ್ಸುಗಳ ಅಪರ್ಚರನ್ನು ಕ್ಯಾಮೆರಾದಿಂದ ಬದಲಾಯಿಸಲು ಬರುವುದಿಲ್ಲ.

ಎರಡನೆಯದು ಕ್ಲೋಸ್ ಅಪ್ ಗಾಜು. ನಲವತ್ತು ದಾಟಿದವರಿಗೆ ಓದಲು ಚಾಳೀಸು ಬೇಕಾಗುವ ಹಾಗೆ ಲೆನ್ಸಿನ ಮೂತಿಗೆ ಹಾಕುವ ಚಾಳೀಸು ಇದು. ಶಕ್ತಿಯನ್ನು ಕನ್ನಡಕದಂತೆಯೇ ಡಯಾಪ್ಟರ್‌ನಲ್ಲಿ ಹೇಳುತ್ತಾರೆ. ಇಲ್ಲಿ ಉದ್ದ ಲೆನ್ಸಿಗೇ ಲಾಭ ಹೆಚ್ಚು: ಸಂಗಮದೂರವನ್ನು ಡಯಾಪ್ಟರ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ. 200 ಮಿ.ಮೀ. ಲೆನ್ಸಿಗೆ +4ರ ಗಾಜು ಹಾಕಿದರೆ 0.8. ಗಿಡ್ಡ ಲೆನ್ಸಿಗೆ ಟ್ಯೂಬು, ಉದ್ದ ಲೆನ್ಸಿಗೆ ಗಾಜು ಎಂದು ನೆನಪಿಟ್ಟುಕೊಂಡರೆ ಸಾಕು.

ಕುಣಿಯುವ ಕಪ್ಪೆಗೆ ಹೇಳಿದ ದಾರಿ ಇದೇ. 300 ಮಿ.ಮೀ. ತುದಿಯಿರುವ ಜೂಮ್‌ಗೆ +2ರ ಗಾಜು ಸಿಕ್ಕಿಸಿ, ಲೆನ್ಸಿನ ಫೋಕಸನ್ನು ಅನಂತಕ್ಕೆ ಇಡಿ. ಮೂತಿಯಿಂದ ಅರ್ಧ ಮೀಟರ್ ದೂರದಲ್ಲಿರುವುದು ಸ್ಪಷ್ಟವಾಗುತ್ತದೆ, ವರ್ಧನೆ 0.6 ಸಿಗುತ್ತದೆ. ಇಷ್ಟು ವರ್ಧನೆಗೆ ಇಷ್ಟು ದೂರವನ್ನು ದುಬಾರಿ ಮ್ಯಾಕ್ರೋ ಲೆನ್ಸ್ ಕೂಡ ಸುಲಭವಾಗಿ ಕೊಡುವುದಿಲ್ಲ. ಒಂದೇ ಗಾಜಿನ ಅಗ್ಗದ ಸೆಟ್‌ಗಳು ಅಂಚಿನಲ್ಲಿ ನೇರಳೆ, ಹಸಿರು ಗೆರೆಗಳನ್ನು ಬಿಡುತ್ತವೆ. ಎರಡು ಮೂರು ಗಾಜುಗಳನ್ನು ಜೋಡಿಸಿ ಆ ದೋಷ ತಿದ್ದಿದ ಆಕ್ರೊಮ್ಯಾಟಿಕ್ ಬಗೆಯನ್ನು ಕೇಳಿ ಪಡೆಯಿರಿ. ರೇನಾಕ್ಸ್ ಡಿಸಿಆರ್-250 ಈ ಬಗೆಯದು, ಶಕ್ತಿ +8, ಚಿಮಟದಂತೆ ಒತ್ತಿ 52ರಿಂದ 67 ಮಿ.ಮೀ. ಫಿಲ್ಟರ್ ಅಳತೆಯ ಲೆನ್ಸುಗಳಿಗೆ ಸಿಕ್ಕಿಸಬಹುದು. ಮ್ಯಾಕ್ರೋ ಲೆನ್ಸಿನ ಮೇಲೇ ಇದನ್ನು ಹಾಕಿದರೆ 2:1ರ ಆಸುಪಾಸಿಗೆ ಹೋಗಬಹುದು. ಜೇಡದ ಕಣ್ಣಿಗಾಗಿಯೇ ಬೇರೆ ಲೆನ್ಸ್ ಕೊಳ್ಳುವ ಖರ್ಚು ಇದರಿಂದ ಉಳಿಯುತ್ತದೆ.

ಮೂರನೆಯದು ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ ಹಾಕುವ ರಿವರ್ಸ್ ರಿಂಗ್. 50 ಮಿ.ಮೀ. ತಿರುಗಿಸಿದರೆ 1:1ರ ಹತ್ತಿರ, 28 ಮಿ.ಮೀ. ತಿರುಗಿಸಿದರೆ ಎರಡು ಪಟ್ಟಿಗೂ ಮೇಲೆ. ಅತ್ಯಂತ ಅಗ್ಗದ ದಾರಿ. ಲೆನ್ಸಿನ ಮೈಮೇಲೆ ಅಪರ್ಚರ್ ತಿರುಗಿಸುವ ಬಳೆ ಇರುವ ಹಳೆಯ ಲೆನ್ಸ್ ಇದಕ್ಕೆ ಹೇಳಿ ಮಾಡಿಸಿದ್ದು. ಲೆನ್ಸಿನ ಹಿಂಬದಿಯ ಗಾಜು ಮಳೆ ಧೂಳಿಗೆ ತೆರೆದುಕೊಳ್ಳುವುದರಿಂದ ನಾನು ಇದನ್ನು ಮನೆಯೊಳಗಿನ ಕೆಲಸಕ್ಕೆ ಮಾತ್ರ ಬಳಸುತ್ತೇನೆ.

ಕ್ಯಾನನ್‌ನ ಎಂಪಿ-ಇ 65ರಂಥ ವಿಶೇಷ ಲೆನ್ಸುಗಳು 1:1ರಿಂದ 5:1ರವರೆಗೆ ಹೋಗುತ್ತವೆ. 5:1ರಲ್ಲಿ ಇಡೀ ಚೌಕಟ್ಟಿಗೆ ಕಾಣುವುದು 7 ಮಿ.ಮೀ. ಅಗಲ. ಅದರಿಂದ ದೂರದ ಬೆಟ್ಟ ತೆಗೆಯಲು ಬರುವುದಿಲ್ಲ, ಫೋಕಸ್ ಪೂರ್ತಿ ಕೈಯಿಂದಲೇ. ಮೂರು ವರ್ಷ ಮ್ಯಾಕ್ರೋ ಮಾಡಿದ ಮೇಲೆ ಯೋಚಿಸಿ.

ಹಣವನ್ನೆಲ್ಲ ಲೆನ್ಸಿಗೇ ಸುರಿಯಬೇಡಿ

1:1ಕ್ಕೆ ಹೋದಾಗ ಸೆನ್ಸರಿಗೆ ತಲುಪುವ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ನೀವು ಎಫ್ 11 ಇಟ್ಟರೂ ಅದು ಎಫ್ 22ರಂತೆ ವರ್ತಿಸುತ್ತದೆ. ನಿಕಾನ್ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಎಫ್ 2.8 ಲೆನ್ಸ್ ಹತ್ತಿರ ಹೋದಂತೆ ಎಫ್ 4ನ್ನೂ ದಾಟಿ ತೋರಿಸಿದರೆ ಗಾಬರಿಯಾಗಬೇಡಿ, ಅದು ಈ ನಷ್ಟವನ್ನು ಲೆಕ್ಕ ಹಾಕಿ ತೋರಿಸುತ್ತಿದೆ. ಆಳ ಹೆಚ್ಚಲಿ ಎಂದು ಎಫ್ 16, 22 ಎಂದು ಮುಚ್ಚುತ್ತ ಹೋದರೆ ವಿವರ್ತನೆಯಿಂದ (ಕಿರಿದಾದ ಕಂಡಿಯಲ್ಲಿ ಬೆಳಕು ಬಾಗಿ ಹರಡುವುದರಿಂದ) ಚಿತ್ರವೇ ಮಬ್ಬಾಗುತ್ತದೆ. ನಾನು ಎಫ್ 8ರಿಂದ 11ರ ನಡುವೆ ಇರುತ್ತೇನೆ.

ಜುಲೈ ತಿಂಗಳಲ್ಲಿ ಕಾಫಿ ಗಿಡದ ಕೆಳಗೆ ಇಷ್ಟು ಮುಚ್ಚಿದ ಅಪರ್ಚರಿನಲ್ಲಿ ಸಹಜ ಬೆಳಕಿನಿಂದ ಇರುವೆ ತೆಗೆಯುವುದು ಆಗದ ಮಾತು. ಫ್ಲ್ಯಾಶ್ ಬೇಕು. ಫ್ಲ್ಯಾಶಿನ ಮಿಂಚು ಎಷ್ಟು ಕ್ಷಣಿಕವೆಂದರೆ ಕೈ ನಡುಕವೂ ಗಾಳಿಯ ಅಲುಗಾಟವೂ ಅದರಲ್ಲಿ ಅಡಗಿಹೋಗುತ್ತವೆ. ಲೆನ್ಸಿನೊಳಗಿನ ನಡುಕ ತಡೆಯುವ ವ್ಯವಸ್ಥೆಗೆ ಹೆಚ್ಚು ಹಣ ತೆರುವ ಮೊದಲು ಇದನ್ನು ಯೋಚಿಸಿ. 1:1ರಲ್ಲಿ ಆ ವ್ಯವಸ್ಥೆಯ ನೆರವು ತೀರ ಕಡಿಮೆಯಾಗುತ್ತದೆ, ಗಾಳಿಗೆ ತೂಗುವ ಎಲೆಯನ್ನಂತೂ ಅದು ನಿಲ್ಲಿಸಲಾರದು.

ಬರಿಯ ಫ್ಲ್ಯಾಶ್ ಜೀರುಂಡೆಯ ಬೆನ್ನಿನ ಮೇಲೆ ಬಿಳಿಯ ಕಲೆ ಮಾಡುತ್ತದೆ. ತೆಳುವಾದ ಬಿಳಿ ಫೋಮ್ ಹಾಳೆ ಅಥವಾ ಟ್ರೇಸಿಂಗ್ ಪೇಪರನ್ನು ಲೆನ್ಸಿನ ಮೂತಿಯ ಮೇಲೆ ಚಾವಣಿಯಂತೆ ಬಾಗಿಸಿ ಡಿಫ್ಯೂಸರ್ ಮಾಡಿಕೊಳ್ಳಿ. ಅದು ಹುಳುವಿಗೆ ಹತ್ತಿರವಾದಷ್ಟೂ ಬೆಳಕು ಮೃದು. ಇಲ್ಲಿ ಮಾತ್ರ ಗಿಡ್ಡ ಲೆನ್ಸಿಗೆ ಅನುಕೂಲ, 180 ಮಿ.ಮೀ.ಗೆ ಡಿಫ್ಯೂಸರ್ ಮಾಡುವುದು ನಿಜಕ್ಕೂ ಕಷ್ಟ. ಹತ್ತು ರೂಪಾಯಿ ಇದ್ದರೆ ಆರು ಲೆನ್ಸಿಗೆ, ನಾಲ್ಕು ಬೆಳಕಿಗೆ ಎಂಬುದು ನನ್ನ ಲೆಕ್ಕ.

ಅಂಗಡಿಯಲ್ಲಿ, ಅಥವಾ ಬಳಸಿದ ಲೆನ್ಸ್ ಕೊಳ್ಳುವಾಗ

ಮ್ಯಾಕ್ರೋದಲ್ಲಿ ಬಳಸಿದ ಲೆನ್ಸ್ ಕೊಳ್ಳುವುದು ಜಾಣತನ. ವೇಗದ ಆಟೋಫೋಕಸ್ ಇಲ್ಲದ ಹಳೆಯ ಲೆನ್ಸುಗಳು ಅಗ್ಗಕ್ಕೆ ಸಿಗುತ್ತವೆ. 1:1ರಲ್ಲಿ ನಾವು ಫೋಕಸನ್ನು ಒಂದು ಕಡೆ ನಿಲ್ಲಿಸಿ, ಉಸಿರು ಹಿಡಿದು, ಮೈಯನ್ನೇ ಹಿಂದೆ ಮುಂದೆ ತೂಗಿ ಕಣ್ಣು ಸ್ಪಷ್ಟವಾದಾಗ ಕ್ಲಿಕ್ಕಿಸುತ್ತೇವೆ, ಹಾಗಾಗಿ ಆ ಕೊರತೆ ತಟ್ಟುವುದಿಲ್ಲ. ಹಳೆಯ ಕ್ಯಾನನ್ ಇಎಫ್ ಲೆನ್ಸುಗಳು ಅಡಾಪ್ಟರ್ ಮೂಲಕ ಹೊಸ ಆರ್‌ಎಫ್ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ಸ್ವಂತ ಮೋಟಾರಿಲ್ಲದ ಹಳೆಯ ನಿಕಾನ್ ಲೆನ್ಸುಗಳು ಅವನ್ನು ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸುವ ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಕೈ ಫೋಕಸ್‌ಗೆ ಮಾತ್ರ ಒದಗುತ್ತವೆ.

ಕೌಂಟರಿನ ಮುಂದೆ ಇಷ್ಟನ್ನು ತಪ್ಪದೆ ನೋಡಿ. ಫೋಕಸನ್ನು ಅತಿ ಹತ್ತಿರಕ್ಕೆ ತಿರುಗಿಸಿದಾಗ ಲೆನ್ಸಿನ ಮೂತಿ ಮುಂದಕ್ಕೆ ಉದ್ದವಾಗುತ್ತದೆಯೇ? ಉದ್ದವಾದರೆ ಅಷ್ಟು ಅಂತರ ಕಳೆದುಹೋಯಿತು, ಮಳೆನೀರು ಒಳನುಗ್ಗಲು ಒಂದು ಸಂದೂ ಆಯಿತು. ಉದ್ದ ಬದಲಾಗದೆ ಒಳಗೇ ಫೋಕಸ್ ಆಗುವ ಲೆನ್ಸ್ ಮಲೆನಾಡಿಗೆ ಮೇಲು. ಮೊಬೈಲಿನ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ನೂಲುಗಳು ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬೇಡ. ಕೊನೆಗೆ ಅದೇ ಸ್ಟೀಲ್ ಸ್ಕೇಲನ್ನು ಜೇಬಿನಿಂದ ತೆಗೆದು ಒಂದು ಚಿತ್ರ ತೆಗೆಯಿರಿ, ಮೂತಿಗೂ ಸ್ಕೇಲಿಗೂ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆದುಕೊಳ್ಳಿ.

ಕೊಂಡು ತಂದ ಲೆನ್ಸನ್ನು ಮಳೆಗಾಲದಲ್ಲಿ ಬಟ್ಟೆಯ ಚೀಲದೊಳಗೆ ಬಿಡಬಾರದು. ಉಂಬಳ ಕಿತ್ತು ಹಾಕಿ ಕೈ ತೊಳೆದ ಮೇಲೆ ಮೊದಲ ಕೆಲಸ ಲೆನ್ಸನ್ನು ಒರೆಸಿ, ತೇವ ಆರುವವರೆಗೆ ಫ್ಯಾನಿನ ಗಾಳಿಗೆ ಇಡುವುದು. ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಟ್ಟು ಮುಚ್ಚಿ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿ ತುಂಬಿವೆ ಎಂದರ್ಥ. ಅಡುಗೆಗೆ ಬಳಸದ ಪಾತ್ರೆಯೊಂದರಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಆರಿದ ಮೇಲೆ ಡಬ್ಬಿಗೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬಣ್ಣವನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿರಿ.